ಬೆರಳಿಲ್ಲದ ಟೈಪಿಸ್ಟು

ಪುಟ್ಟೀ, ಚಿನ್ನೂ, ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಯಾರ ಕಾಗದ ಉದ್ದ ಎಂದು ಅಳತೆ ಹಿಡಿದು ಜಗಳ ಆಡುತ್ತೀರಿ. ಮೊನ್ನೆ ನಿಮ್ಮಮ್ಮ ಮಾತಿನ ನಡುವೆ "ನಮ್ಮಮ್ಮ ಸಾಫ್ಟ್‌ವೇರ್ ಕಂಪನೀಲಿ ಇದ್ದೋಳು ಕಣ್ರೋ" ಅಂದಾಗ ನೀವಿಬ್ಬರೂ ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕಿರಿ. ನನಗೇನೂ ಬೇಸರವಾಗಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ನಾನೂ ನನ್ನನ್ನು ನೋಡಿಕೊಂಡು ಹಾಗೆಯೇ ನಗುತ್ತಿದ್ದೆ, ಸದ್ದು ಮಾಡದೆ. ಅದನ್ನು ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನಾಲ್ಕನೇ ಮಾತಿಗೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ, ಮೊಮ್ಮಕ್ಕಳ ಮುಂದೆಯೂ. ಅದಕ್ಕೆ ಬರೆಯುತ್ತೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಹೈಸ್ಕೂಲಿನಲ್ಲಿದ್ದಳು. ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡು ಕಡೆಯ ನನ್ನ ತವರು ಹಳ್ಳಿಯಿಂದ ನನ್ನ ತಮ್ಮ ನಾವಿದ್ದ ಪಟ್ಟಣದ ವಠಾರಕ್ಕೆ ವ್ಯಾನು ಮಾಡಿಕೊಂಡು ಬಂದು, "ಅಕ್ಕಾ, ಸಾಮಾನು ಕಟ್ಟು. ನಮ್ಮನೇಲೇ ಇದ್ಬುಡು" ಎಂದ. ಒಳ್ಳೆಯ ಮನಸ್ಸಿನಿಂದಲೇ ಕರೆದ. ಆದರೆ ಅವನ ಹೆಂಡತಿ ವ್ಯಾನಿನಿಂದ ಇಳಿಯಲಿಲ್ಲ. ನಾನು ಬರುವುದಿಲ್ಲ ಎಂದು ಹೇಳಿದೆ ಅಂದುಕೊಳ್ಳಬೇಡಿ. ಅಷ್ಟು ಬಾಯಿ ನನಗೆಲ್ಲಿ! ಬೇಡ ಅನ್ನಲು ನಾಚಿಕೆಯಾಗಿ ತಲೆ ಬಗ್ಗಿಸಿ ಕೂತೆ. ಅವನು ಕಾದು ಕಾದು, "ಯಾವತ್ತು ಆಗಲ್ವೋ ಅವತ್ತು ಹೇಳಿ ಕಳ್ಸು" ಎಂದು ಹೊರಟುಹೋದ. ವಠಾರದವರೆಲ್ಲ ನನ್ನದು ಭಾರೀ ಗಟ್ಟಿ ಮನಸ್ಸು ಎಂದು ಹೊಗಳಿದರು.

ಆಮೇಲೆ ಓಣಿಯ ಕೊನೆಯಲ್ಲಿದ್ದ ಟೈಪಿಂಗ್ ಇನ್ಸ್‌ಟಿಟ್ಯೂಟಿಗೆ ಸೇರಿದೆ. ಹಳ್ಳಿ ಶಾಲೆಯ ಎಸ್ಸೆಸ್ಸೆಲ್ಸಿ ಬಿಟ್ಟರೆ ನನ್ನ ಹತ್ತಿರ ಬೇರೆ ಬಂಡವಾಳವಿರಲಿಲ್ಲ. ನನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಕನ್ನಡ ಟೈಪಿಂಗ್ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದೆ. ನಮ್ಮ ಮೇಷ್ಟ್ರದು ಒಂದೇ ಕಟ್ಟಳೆ: ಕಣ್ಣು ಪಕ್ಕದ ಹಾಳೆಯ ಮೇಲಿರಬೇಕು, ಹೊಡೆದ ಅಕ್ಷರವನ್ನು ನೋಡಬಾರದು. ನೋಡಿದವರ ಬೆರಳಿಗೆ ಅಡಿಕೋಲು ಬೀಳುತ್ತಿತ್ತು. ನಾನು ಇವತ್ತಿಗೂ ಬರೆದದ್ದನ್ನು ತಿರುಗಿ ನೋಡುವುದಿಲ್ಲ. ಈ ಕಾಗದದಲ್ಲೂ ತಪ್ಪು ಕಂಡರೆ ಮೇಷ್ಟ್ರನ್ನು ಬಯ್ಯಿರಿ.

ಪೇಟೆಯಲ್ಲಿ ಒಂದು ಕಡೆ ಟೈಪಿಸ್ಟು ಬೇಕು ಎಂದು ಯಾರೋ ಹೇಳಿದರು. ದೇವರಾಜ ಮೊಹಲ್ಲಾದಲ್ಲಿ ನೋಟ್‌ಬುಕ್ಕು, ಕಾಗದ ಮಾರುವ ಅಂಗಡಿ. ಅದರ ಪಕ್ಕದಲ್ಲಿ ಮರದ ಮೆಟ್ಟಿಲು. ಮೇಲೆ ಎರಡು ಕೋಣೆ. ಮಾಲೀಕರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೂತಿದ್ದರು. ಅವರದು ತಲೆಮಾರುಗಳಿಂದ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಮನೆತನ. ಮೊಳೆಗಳ ಕಾಲ ಮುಗಿಯಿತೆಂದು, ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಸಾಫ್ಟ್‌ವೇರ್ ಮಾಡಿಸಲು ಹೊರಟಿದ್ದರು.

"ಏನಮ್ಮ, ಏನು ಕೆಲಸ ಗೊತ್ತು?" ಎಂದರು.

"ಟೈಪು ಒಡೀತೀನಿ ಸಾರ್" ಎಂದೆ. ನನ್ನ ನಾಲಿಗೆಗೆ ಹ ಎಂಬ ಅಕ್ಷರ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ.

"ಒಡೀಬೇಡಿ ತಾಯಿ, ಇರೋದು ಎರಡೇ ಕಂಪ್ಯೂಟರು" ಎಂದು ಗಟ್ಟಿಯಾಗಿ ನಕ್ಕರು. ನಕ್ಕದ್ದರಿಂದಲೋ ಏನೋ ಕೆಲಸ ಕೊಟ್ಟರು.

ಸಾಫ್ಟ್‌ವೇರ್ ಮಾಡುತ್ತಿದ್ದವಳು ಒಬ್ಬಳು ಇಂಜಿನಿಯರು. ವಿಜಯನಗರ ಬಡಾವಣೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದಳು. ಮೂವತ್ತರ ಆಸುಪಾಸಿನವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ. ಅವಳು ಒಳಗೆ ಏನಾದರೂ ತಿದ್ದಿದಾಗಲೆಲ್ಲ ನಾನು ನಾಲ್ಕು ಪುಟ ಪದಗಳನ್ನು ಹೊಡೆಯಬೇಕು, ಅಚ್ಚು ತೆಗೆಯಬೇಕು, ಅಕ್ಷರ ಕೆಟ್ಟಲ್ಲಿ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು. ಮರುದಿನ ಮತ್ತೆ ಅದೇ ನಾಲ್ಕು ಪುಟ. ಮೂರು ವರ್ಷ ಹೀಗೆ ನಡೆಯಿತು. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಆ ಕೆಲಸ ದೇವರು ನನಗೆಂದೇ ಮಾಡಿಸಿಟ್ಟಂತಿತ್ತು.

ಒಂದು ದಿನ ಬೆಳಿಗ್ಗೆ ನಾನು ಕಂಪ್ಯೂಟರಿನ ಮುಂದೆ ಕೂರುವುದರೊಳಗೆ ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ನನ್ನ ಸೆರಗೇನಾದರೂ ಕೀಬೋರ್ಡಿಗೆ ತಾಗಿತೇ ಎಂದು ಎಳೆದುಕೊಂಡೆ. ಅಕ್ಷರ ನಿಲ್ಲಲಿಲ್ಲ. ಸರಸರ ಒಂದು ಪುಟ ತುಂಬಿತು. ನಾನು ಎದ್ದು ಗೋಡೆಗೆ ಒತ್ತಿಕೊಂಡು ನಿಂತೆ.

ಇಂಜಿನಿಯರಮ್ಮ ಹಿಂದಿನಿಂದ ನಗುತ್ತಿದ್ದಳು. "ಹೆದರ್ಕೋಬೇಡಿ ಅಕ್ಕ, ನನ್ನ ಪ್ರೋಗ್ರಾಮು. ಕಂಪ್ಯೂಟರಿಗೆ ಕೀ ಒತ್ತಿದ್ದು ಬೆರಳೋ ಏನೋ ಗೊತ್ತಾಗಲ್ಲ. 'ಈ ಕೀ ಕೆಳಕ್ಕೆ ಹೋಯ್ತು, ಈ ಕೀ ಮೇಲಕ್ಕೆ ಬಂತು' ಅಂತ ಸುದ್ದಿ ಹೋದ್ರೆ ಸಾಕು, ನಂಬ್ಬುಡುತ್ತೆ. ನಾನು ಬರೀ ಸುದ್ದಿ ಕಳಿಸ್ತೀನಿ ಅಷ್ಟೇ."

ಬೆರಳಿಲ್ಲದ ಆ ಟೈಪಿಸ್ಟು ನನ್ನ ಅರ್ಧ ದಿನದ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸಿತು. ನಾನು ಮತ್ತೆ ಕೂತು ನನ್ನ ಪಾಲಿನದನ್ನು ಹೊಡೆಯತೊಡಗಿದೆ. "ಕಬ್ಬಿನ ಗದ್ದೆ" ಎಂದು ಹೊಡೆದೆ. ಈಗ ಇನ್ಸ್‌ಟಿಟ್ಯೂಟಿನ ಅಡಿಕೋಲು ಇರಲಿಲ್ಲವಾದ್ದರಿಂದ ಕದ್ದು ಪರದೆ ನೋಡಿದೆ. "ಖಭ್ಭಿಣ ಘಧ್ಧೆ" ಎಂದಿತ್ತು. ಬೆರಳು ತಪ್ಪಿರಬೇಕೆಂದು ಹೊರಗೆ ಹೋಗಿ ನೀರು ಕುಡಿದು ಬಂದು ಮತ್ತೆ ಹೊಡೆದೆ. ಮತ್ತೆ ಖಭ್ಭಿಣ ಘಧ್ಧೆಯೇ. ಹುಟ್ಟಿದಂದಿನಿಂದ ನನ್ನ ಬಾಯಿಗೆ ಬಾರದಿದ್ದ ಮಹಾಪ್ರಾಣವೆಲ್ಲ ಒಟ್ಟಿಗೆ ಕೈಗೆ ಬಂದಿತ್ತು. ಯಾರಿಗೂ ಹೇಳಲು ನಾಚಿಕೆಯಾಗಿ ಅರ್ಧ ಪುಟ ಹಾಗೆಯೇ ಹೊಡೆದು, ಎಲ್ಲಕ್ಕೂ ನಾನೇ ಕೆಂಪು ಸುತ್ತು ಹಾಕಿದೆ. ಪುಟ ಪೂರ್ತಿ ಕಜ್ಜಿ ಬಂದಂತೆ ಕಂಡಿತು.

ಇಂಜಿನಿಯರಮ್ಮ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. "ನಿಮ್ಮ ತಪ್ಪಲ್ಲ ಕಣಕ್ಕ! ಮಹಾಪ್ರಾಣಕ್ಕೆ ಒತ್ತೋ ಶಿಫ್ಟ್ ಕೆಳಕ್ಕೆ ಹೋಯ್ತು ಅಂತ ಸುದ್ದಿ ಕಳ್ಸಿದೀನಿ, ಮೇಲಕ್ಕೆ ಬಂತು ಅಂತ ಕಳ್ಸೋದು ಮರ್ತಿದೀನಿ. ಇನ್ನೂ ಒತ್ಕೊಂಡೇ ಅವ್ರೆ ಅಂದ್ಕೊಂಡಿದೆ ಅದು." ಶಿಫ್ಟ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟಳು. ಕಬ್ಬು ಕಬ್ಬಾಯಿತು.

ಅವಳಿಗೂ ತಪ್ಪಾಗುತ್ತದೆ ಎಂದು ತಿಳಿದು ನನಗೆ ಒಳಗೊಳಗೇ ಖುಷಿಯಾಯಿತು. ಅದು ಹೆಚ್ಚು ದಿನ ಉಳಿಯಲಿಲ್ಲ. ಅವಳು ಪ್ರೋಗ್ರಾಮನ್ನು ತಿದ್ದಿಕೊಂಡು, "ಅಕ್ಕ, ಕಾಗುಣಿತದ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಬರ್ಕೊಡಿ, ಅದಕ್ಕೆ ತಿನ್ನಿಸ್ತೀನಿ" ಎಂದಳು. ನಾನು ಹಳ್ಳಿ ಶಾಲೆಯ ಬೆಂಚಿನಲ್ಲಿ ಕೂತವಳಂತೆ ನಾಲಿಗೆ ಕಚ್ಚಿಕೊಂಡು ಬರೆದುಕೊಟ್ಟೆ: ಕತ್ತೆ, ಕಾಗೆ, ಕಿವುಡ, ಕೀಟ... ಹೀಗೆ ಕ ದಿಂದ ಳ ತನಕ. ನನ್ನ ಜಾಗಕ್ಕೆ ಬರುವವರಿಗೆ ನಾನೇ ಪಾಠ ಬರೆದುಕೊಡುತ್ತಿದ್ದೇನೆ ಎಂಬುದು ಹೊಳೆದದ್ದು ಅವಳು ಪಟ್ಟಿ ಇಸಿದುಕೊಂಡು ಹೋದ ಮೇಲೆ.

ಆ ವಾರವೇ ಮಾಲೀಕರು ಒಳಗಿನ ಕೋಣೆಯಲ್ಲಿ ಅವಳ ಹತ್ತಿರ ಆಡಿದ ಮಾತು ಕಿವಿಗೆ ಬಿತ್ತು: "ಹಂಗಾದ್ರೆ ಇನ್ನು ಪರೀಕ್ಷೆಗೆ ಅಂತ ಟೈಪಿಸ್ಟು ಬೇಕಾಗಿಲ್ಲ ಅನ್ನಿ." ಅವಳೇನು ಉತ್ತರ ಕೊಟ್ಟಳೋ, ಕೆಳಗೆ ಹೋಗುತ್ತಿದ್ದ ಜಟಕಾದ ಸದ್ದಿನಲ್ಲಿ ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ತಮ್ಮನ ವ್ಯಾನು, ಅದರಿಂದ ಇಳಿಯದೆ ಕೂತ ಅವನ ಹೆಂಡತಿ. ಆಗ ನಿಮ್ಮಮ್ಮ ಬಿ.ಎ. ಓದುತ್ತಿದ್ದಳು.

ಬೇರೆಯವರಾಗಿದ್ದರೆ ಮಾಲೀಕರ ಕೋಣೆಗೆ ಹೋಗಿ ಕೇಳುತ್ತಿದ್ದರು. ನಾನು ಬಾಗಿಲ ತನಕ ಮೂರು ಸಲ ಹೋಗಿ, ಮೂರು ಸಲವೂ ಚಪ್ಪಲಿ ಸರಿಮಾಡಿಕೊಂಡು ವಾಪಸು ಬಂದೆ. ಕೊನೆಗೆ ಅರ್ಜಿ ಬರೆಯುವುದೇ ಸರಿ ಎನಿಸಿತು. ಕೈಬರಹದಲ್ಲಿ ಕೊಟ್ಟರೆ ಟೈಪು ಬಾರದವಳು ಎನ್ನುತ್ತಾರೆಂದು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಂಜಿನಿಯರಮ್ಮ ಹೊರಗೆ ಹೋದಾಗ ಕಂಪ್ಯೂಟರಿನ ಮುಂದೆ ಕೂತೆ. ಕೀಬೋರ್ಡಿನ ಮೇಲೆ "ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿತ್ತು. ಅದು ವಾರದಿಂದ ಅಲ್ಲೇ ಇತ್ತು, ಅವಳು ತೆಗೆಯಲು ಮರೆಯುತ್ತಿದ್ದಳು. ಈ ಸಲವೂ ಮರೆತಿದ್ದಾಳೆಂದು ಬಿಡಿಸಿ ಪಕ್ಕಕ್ಕೆ ಅಂಟಿಸಿದೆ. ಜನ ಮುಟ್ಟದ ಹೊತ್ತೆಂದು ಅವಳು ಪ್ರೋಗ್ರಾಮು ಊಟದ ವೇಳೆಗೆ ತಾನಾಗಿ ಶುರುವಾಗುವಂತೆ ಇಟ್ಟು ಹೋಗಿದ್ದಳೆಂಬುದು ನನಗೇನು ಗೊತ್ತು.

ಮೇಷ್ಟ್ರ ಕಟ್ಟಳೆಯಂತೆ, ಪರದೆ ನೋಡದೆ, ಮನಸ್ಸಿನಲ್ಲಿದ್ದುದನ್ನು ಹೊಡೆಯುತ್ತ ಹೋದೆ. ದೊಡ್ಡ ಮನಸ್ಸಿನವರು ಎಂಬ ಮಾತಿಗೆ ಪೀಠಿಕೆಯಾಗಿ "ಏಕೆಂದರೆ ತಾವು" ಎಂದು ಹೊಡೆದು, ಮುಂದಿನದು ತೋಚದೆ ಕೈ ಎತ್ತಿದೆ. ಆಗ ಅದು ಶುರುವಾಯಿತು.

ಆ ಪ್ರೋಗ್ರಾಮಿಗೆ ಕಣ್ಣಿರಲಿಲ್ಲ. ಪರದೆಯ ಮೇಲೆ ಯಾವ ಬರಹ ಮುಂದಿರುತ್ತದೋ ಅದರೊಳಕ್ಕೇ ಹೊಡೆದುಕೊಂಡು ಹೋಗುತ್ತಿತ್ತು. ಮುಂದಿದ್ದದ್ದು ನನ್ನ ಅರ್ಜಿ. ಅದು ಗ ಕಾಗುಣಿತ ದಾಟುವ ಹೊತ್ತಿಗೆ ನನಗೆ ಎಚ್ಚರ ಬಂದು, ಬೆದರಿದ ಕರುವನ್ನು ಹಿಡಿಯುವಂತೆ ಕೀಬೋರ್ಡನ್ನು ಎರಡೂ ಅಂಗೈಯಲ್ಲಿ ಅದುಮಿ ಹಿಡಿದೆ. ಪದಗಳ ನಡುವೆ ನನ್ನ ಅಂಗೈಯೂ ಟೈಪಾಯಿತು. ಮೇಲೆ ಪ್ಲಾಸ್ಟಿಕ್ ಹೊದಿಕೆ ಮುಚ್ಚಿದೆ. ಅದು ನಿಲ್ಲಲಿಲ್ಲ. ಪಟ್ಟಿ ಮುಗಿದ ಮೇಲೆ ಅಚ್ಚಿಗೆ ಕಳಿಸುವ ಪಾಠವನ್ನೂ ಅವಳು ಅದಕ್ಕೆ ಕಲಿಸಿದ್ದಳು. ಪ್ರಿಂಟರು ಇದ್ದದ್ದು ಮಾಲೀಕರ ಕೋಣೆಯಲ್ಲಿ. ಅಲ್ಲಿಂದ ಕರ್ರ್ ಕರ್ರ್ ಎಂಬ ಸದ್ದು ಕೇಳಿದಾಗ ಮೆಟ್ಟಿಲಿಳಿದು ಓಡಿಬಿಡೋಣ ಎನಿಸಿತು. ಆದರೆ ನನ್ನ ಚೀಲ ಅವರ ಕೋಣೆಯ ಮೊಳೆಗೆ ನೇತುಹಾಕಿತ್ತು.

"ಏನಮ್ಮ, ಬನ್ನಿ ಇಲ್ಲಿ" ಎಂದು ಕರೆದರು. ಮೊಸರನ್ನದ ಡಬ್ಬಿ ಪಕ್ಕಕ್ಕೆ ಸರಿಸಿ, ಕನ್ನಡಕ ಏರಿಸಿ, ಜೋರಾಗಿ ಓದತೊಡಗಿದರು.

"'ಮಾನ್ಯರೇ, ಎದುರಿಗೆ ಹೇಳಲು ಧೈಯರ್ ಇಲ್ಲದೆ ಬರೆಯುತ್ತಿದ್ದೇನೆ. ದಯಮಾಡಿ ನನ್ನನ್ನು ಕೆಲಸದಿಂದ ತೆಗೆಯಬಾರದೆಂದು ಪ್ರಾಥರ್ನೆ. ಏಕೆಂದರೆ ತಾವು ಕತ್ತೆ ಕಾಗೆ ಕಿವುಡ ಕೀಟ ಕುರಿ ಕೂಗುಮಾರಿ ಕೃಪಣ ಕೆಸರು ಕೇಡಿಗ ಕೈದಿ ಕೊಬ್ಬು ಕೋತಿ ಕೌಪೀನ...'" ಅಲ್ಲಿಗೆ ನಿಲ್ಲಿಸಿ ನನ್ನತ್ತ ನೋಡಿದರು. "ಕೌಪೀನವೂ ಬಂತು! ನಮ್ಮಪ್ಪ ಕೂಡ ಇಷ್ಟು ಉದ್ದಕ್ಕೆ ನನ್ನ ಬಯ್ದಿರ್ಲಿಲ್ಲ ಕಣಮ್ಮ."

ಅಷ್ಟರಲ್ಲಿ ಇಂಜಿನಿಯರಮ್ಮ ಬಂದಳು. ಚೀಟಿ ಇದ್ದ ಜಾಗ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡೇ, ಪಟ್ಟಿ ಪ್ರೋಗ್ರಾಮಿನದು, ಅಕ್ಕ ಬಯ್ದದ್ದಲ್ಲ ಎಂದು ಮಾಲೀಕರಿಗೆ ವಿವರಿಸಿದಳು.

"ಕತ್ತೆ ಇರ್ಲಿ ಬುಡಿ" ಎಂದರು ಮಾಲೀಕರು. ಅವರ ಬೆರಳು ಹಾಳೆಯ ತಲೆಯಲ್ಲೇ ಇತ್ತು. ಅಚ್ಚಿನ ಮನೆಯವರ ಕಣ್ಣು ಅದು. "ಇದೇನಿದು, ಧೈಯರ್? ಪ್ರಾಥರ್ನೆ? ಅರ್ಕಾವತ್ತು ಒಂದು ಅಕ್ಷರ ಮುಂದಕ್ಕೆ ಓಡೋಗಿದೆಯಲ್ರೀ!"

ಇಂಜಿನಿಯರಮ್ಮ ಹಾಳೆ ಇಸಿದುಕೊಂಡು ನೋಡಿದಳು. "ಅಕ್ಕ ಹೊಡೆದಿರೋದೇ ತಪ್ಪು ಸಾರ್. ನಮ್ಮದರಲ್ಲಿ ರ್ ಮೊದಲು ಒತ್ಬೇಕು, ಆಮೇಲೆ ಯ. ಇವ್ರು ಯ ಒತ್ತಿ ಆಮೇಲೆ ರ್ ಒತ್ತವ್ರೆ. ದಿನಾ ಸರಿಯಾಗೇ ಹೊಡೀತಿದ್ರಲ್ಲ ಅಕ್ಕ?"

ನಿಜ. ಪಟ್ಟಿ ನೋಡಿ ಹೊಡೆಯುವಾಗ ಅವಳು ಹೇಳಿದ ಕ್ರಮವನ್ನು ಮಂತ್ರದಂತೆ ನೆನೆಸಿಕೊಂಡು ಹೊಡೆಯುತ್ತಿದ್ದೆ. ಹೆದರಿಕೆಯಲ್ಲಿ ಸ್ವಂತದ್ದನ್ನು ಹೊಡೆದಾಗ ಕೈ ಟೈಪ್‌ರೈಟರಿಗೆ ಹೋಗಿಬಿಟ್ಟಿತ್ತು. ಟೈಪ್‌ರೈಟರಿನಲ್ಲಿ ಕಾಗದದ ಮೇಲೆ ಕಾಣುವ ಕ್ರಮದಲ್ಲೇ ಹೊಡೆಯಬೇಕು: ಮೊದಲು ಯ, ಅದರ ಬಲಕ್ಕೆ ಅರ್ಕಾವತ್ತಿನ ಕೊಕ್ಕೆ.

"ನಿಮ್ಮ ಪ್ರೋಗ್ರಾಮು ಇದನ್ನ ಎಷ್ಟು ಸಲ ಪರೀಕ್ಷೆ ಮಾಡಿತ್ತಮ್ಮ?" ಎಂದರು ಮಾಲೀಕರು.

"ದಿನಾ ಮಾಡ್ತಿದೆ ಸಾರ್. ಒಂದು ಸಲವೂ ತಪ್ಪು ಬಂದಿಲ್ಲ."

"ಬರಲ್ಲ. ನೀವು ಹೇಳ್ಕೊಟ್ಟಂಗೇ ಒತ್ತುತ್ತೆ, ನೀವು ಮಾಡಿದಂಗೇ ಬರುತ್ತೆ. ನೀವೂ ನೀವೂ ಮಾತಾಡ್ಕೊಂಡಂಗಾಯ್ತು." ನನ್ನ ಕಡೆ ತಿರುಗಿದರು. "ಮುಂದಿನ ತಿಂಗಳು ಸರ್ಕಾರಿ ಕಚೇರಿಗೆ ಕೊಡೋದಿದೆ. ಅಲ್ಲಿರೋರೆಲ್ಲ ಟೈಪ್‌ರೈಟರಲ್ಲಿ ಕಲ್ತೋರು. ಅವ್ರು ಎಂಗೆ ಒತ್ತುತಾರೆ?"

"ಎಲ್ಲಾರೂ ನನ್ನಂಗೇಯ ಒಡಿಯೋದು ಸಾರ್" ಎಂದೆ. ಮೂರು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು.

ಹಾಗೆ ಒತ್ತಿದರೂ ಅಕ್ಷರ ಸರಿಯಾಗಿ ಬರುವಂತೆ ಸಾಫ್ಟ್‌ವೇರ್ ತಿದ್ದಬೇಕೆಂದು, ಅಲ್ಲಿಂದ ಒಂದು ವಾರ ನನಗೆ ವಿಚಿತ್ರ ಕೆಲಸ ಬಿತ್ತು. ನಾನು ಯಾವ ಕೀಯನ್ನು ಯಾವ ಕ್ರಮದಲ್ಲಿ, ಎಷ್ಟು ಹೊತ್ತಿಗೆ ಒತ್ತುತ್ತೇನೆಂದು ಗುರುತಿಟ್ಟುಕೊಳ್ಳುವಂತೆ ಇಂಜಿನಿಯರಮ್ಮ ಏನೋ ಏರ್ಪಾಡು ಮಾಡಿ, "ಈಗ ತಪ್ಪು ತಪ್ಪಾಗಿ ಹೊಡೀರಿ ಅಕ್ಕ" ಎಂದಳು. ತಪ್ಪು ಮಾಡು ಎಂದು ಹೇಳಿಸಿಕೊಂಡದ್ದೇ ತಡ, ನನ್ನ ಕೈ ತಪ್ಪುವುದನ್ನೇ ಮರೆಯಿತು. ಎರಡು ಪುಟದಲ್ಲಿ ಒಂದೇ ಒಂದು ತಪ್ಪಿಲ್ಲ. ಅಷ್ಟು ಚೆನ್ನಾಗಿ ನಾನು ಪರೀಕ್ಷೆಯಲ್ಲೂ ಹೊಡೆದಿರಲಿಲ್ಲ. "ಅಯ್ಯೋ ಅಕ್ಕ, ಇದೊಂದು ಸಲ ಕೆಟ್ಟೋಳಾಗಿ" ಎಂದು ಅವಳು ಗೋಗರೆದಳು. ಕೊನೆಗೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನಿಮ್ಮೂರಲ್ಲಿ ಅವರೆಕಾಳು ಸಾರು ಹೇಗೆ ಮಾಡ್ತೀರಿ, ಅತ್ತೆ ಹೇಗಿದ್ದರು ಎಂದು ಒಂದೊಂದೇ ಕೇಳುತ್ತ ಹೋದಳು. ಅತ್ತೆಯ ಮಾತು ಬಂದ ಮೇಲೆ ನನಗೆ ಕೈಯ ಮೇಲೆ ನಿಗಾ ಉಳಿಯಲಿಲ್ಲ. ತಪ್ಪುಗಳು ಧಾರಾಳವಾಗಿ ಬಂದವು.

ಮರುದಿನ ಅದನ್ನೇ ಪ್ರೋಗ್ರಾಮಿಗೆ ಕೊಟ್ಟು ಓಡಿಸಿದಳು. ಪರದೆಯ ಮೇಲೆ ಅಕ್ಷರಗಳು ಈ ಸಲ ಸರಸರ ಓಡಲಿಲ್ಲ. ನಿಧಾನಕ್ಕೆ, ಒಂದೊಂದಾಗಿ ಬಂದವು. ಹ ಬರುವ ಕಡೆಯೆಲ್ಲ ಸ್ವಲ್ಪ ನಿಂತು ಯೋಚಿಸಿದವು. ಒಂದು ಕಡೆ ಒತ್ತು ಬಿಟ್ಟು, ಅಳಿಸಿ, ಮತ್ತೆ ಹಾಕಿ, ಸರಿಯಿದ್ದದ್ದನ್ನೂ ಅನುಮಾನದಿಂದ ಇನ್ನೊಮ್ಮೆ ಅಳಿಸಿದವು. ಯಾರೂ ಕೂತಿರದ ಕುರ್ಚಿಯಲ್ಲಿ ನಾನೇ ಕೂತಿದ್ದೆ. ನನ್ನ ಅಂಜುಬುರುಕತನ ಇಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ನಗು ಬಂತು, ಹಿಂದೆಯೇ ಭಯವೂ ಬಂತು. ಸರಿಯಾಗಿ ಹೊಡೆಯುವುದು ಅದಕ್ಕೆ ಮೊದಲೇ ಗೊತ್ತಿತ್ತು. ಈಗ ತಪ್ಪಾಗಿ ಹೊಡೆಯುವುದನ್ನೂ ಕಲಿತಾಯಿತು. ಇನ್ನು ನನ್ನ ಹತ್ತಿರ ಕೊಡಲು ಏನಿತ್ತು?

ಈ ಸಲ ಅರ್ಜಿ ಬರೆಯುವ ಧೈರ್ಯವಾಗಲಿಲ್ಲ, ಯಾರ್ಯಾರು ಏನೇನಾಗುತ್ತಾರೋ! ಬಾಗಿಲಲ್ಲಿ ನಿಂತು, ನೆಲ ನೋಡುತ್ತಲೇ ಕೇಳಿದೆ. "ನನ್ನ ತಪ್ಪೂ ಅದಕ್ಕೆ ಬಂತು ಸಾರ್. ಇನ್ನು ನಾನ್ಯಾಕೆ? ತೆಗೀತೀರಾ?"

ಮಾಲೀಕರು ಸುಳ್ಳು ಹೇಳಲಿಲ್ಲ. "ಹೋದ ತಿಂಗಳು ತೆಗೀಬೇಕು ಅಂತಲೇ ಇದ್ದೆ ಕಣಮ್ಮ" ಎಂದರು.

"ಈಗ ಆಗಲ್ಲ ಸಾರ್" ಎಂದಳು ಇಂಜಿನಿಯರಮ್ಮ ಒಳಗಿನಿಂದ. "ಅದಕ್ಕೆ ಬಂದಿರೋದು ಇವರೊಬ್ಬರ ತಪ್ಪು. ಆ ಕಚೇರೀಲಿ ಒಂದು ರೂಮು ತುಂಬ ಟೈಪಿಸ್ಟುಗಳವ್ರೆ. ಒಬ್ಬೊಬ್ಬರದು ಒಂದೊಂದು ಥರ ಇರುತ್ತೆ. ನಾನು ಹೋಗಿ ನೋಡಿದ್ರೆ ನನಗೆ ತಿಳಿಯಲ್ಲ, ಅಕ್ಕನಿಗೆ ತಿಳಿಯುತ್ತೆ."

ಮಾಲೀಕರು ನನ್ನತ್ತ ತಿರುಗಿದರು. "ಹೋಗ್ತೀರಾ?"

ಕೆಲಸ ಉಳಿಯಿತು ಎಂಬ ಸಂತೋಷ ಒಂದು ಕ್ಷಣವೂ ನಿಲ್ಲಲಿಲ್ಲ. ಹೊಸ ಕಚೇರಿ, ಹೊಸ ಜನ, ಕೂತವರೆಲ್ಲ ತಿರುಗಿ ನೋಡುವುದು ನೆನೆದು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. "ಮಾತಾಡಬೇಕಾ ಸಾರ್?" ಎಂದೆ.

"ಬೇಡ. ಕೈ ನೋಡ್ಕೊಂಡು ಬನ್ನಿ."

ಸೋಮವಾರ ಹೋದೆ. ನಾನು ನೋಟ್‌ಬುಕ್ಕು ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕೂತದ್ದು ನೋಡಿ ಆ ಟೈಪಿಸ್ಟುಗಳು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡರು. ಬದುಕಿನಲ್ಲಿ ನನ್ನನ್ನು ನೋಡಿ ಯಾರಾದರೂ ಹೆದರಿದ್ದು ಅದೇ ಮೊದಲು, ಅದೇ ಕೊನೆ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೂ ತಪ್ಪಿಲ್ಲದೆ ಹೊಡೆದರು. ಮಧ್ಯಾಹ್ನದ ತನಕ ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರವೂ ಬೀಳಲಿಲ್ಲ. ಖಾಲಿ ಪುಸ್ತಕ ಹಿಡಿದು ಮಾಲೀಕರ ಮುಂದೆ ನಿಲ್ಲುವುದನ್ನು ನೆನೆದೆ. ಬೇರೆ ದಾರಿ ಇರಲಿಲ್ಲ. ಅವರು ಊಟದ ಡಬ್ಬಿ ತೆರೆದಾಗ ನಾನೇ ಬಾಯಿ ತೆರೆದೆ.

"ಅಮ್ಮಾರೆ, ನಾನು ಆಫೀಸರಲ್ಲ. ನಿಮ್ಮಂಗೇ ಟೈಪು ಒಡಿಯೋಳು. ನಮ್ಮ ಸಾಹೇಬ್ರಿಗೆ ಒಂದು ಅರ್ಜಿ ಬರ್ದೆ, ಅದ್ರಾಗೆ ಅವ್ರನ್ನ ಕತ್ತೆ ಅಂದ್ಬುಟ್ಟೆ..."

"ಅಯ್ಯೋ ನಿಮ್ಮ! ಆಮೇಕೆ?" ಎಂದಳು ಹತ್ತಿರ ಕೂತಿದ್ದವಳು.

ಹೇಳಿದೆ. ಕೌಪೀನದ ತನಕ ಹೇಳಿದೆ. ಒಬ್ಬಳಿಗೆ ಅನ್ನ ನೆತ್ತಿಗೇರಿತು. ಊಟ ಮುಗಿದ ಮೇಲೆ ಅವರು ನಗುತ್ತಲೇ ಯಂತ್ರದ ಮುಂದೆ ಕೂತರು, ನನ್ನನ್ನು ಮರೆತರು, ಕೈಗಳು ತಮ್ಮ ಪಾಡಿಗೆ ಆಡತೊಡಗಿದವು. ಸಂಜೆಗೆ ಐದು ಪುಟ ತುಂಬಿತು. ಆ ವಾರ ಮುಗಿಯುವುದರೊಳಗೆ ನನ್ನ ತಪ್ಪುಗಳು ಎಷ್ಟು ಸಾಧಾರಣವಾದವು ಎಂದು ತಿಳಿದು ಕೊಂಚ ನಿರಾಸೆಯೂ ಆಯಿತು.

ಆಮೇಲೆ ಇಂಥ ಎಷ್ಟೋ ಕಚೇರಿಗಳಿಗೆ ಹೋದೆ. ಮಾಲೀಕರು ವಯಸ್ಸಾಗಿ ಬಾಗಿಲು ಹಾಕುವ ತನಕ ಅಲ್ಲೇ ಇದ್ದೆ. ಪ್ರತಿ ಹೊಸ ಕಚೇರಿಯ ಮೆಟ್ಟಿಲಲ್ಲೂ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಒಳಗೆ ಹೋದ ಮೇಲೆ ಕತ್ತೆಯ ಕತೆ ಹೇಳುತ್ತಿದ್ದೆ.

ಈ ಕಾಗದವನ್ನು ಕೈಯಲ್ಲೇ ಬರೆದಿದ್ದೇನೆ. ಆ ಕಾಲದಲ್ಲಿ ನಮ್ಮ ಸಾಫ್ಟ್‌ವೇರಿನಲ್ಲಿ ಹೊಡೆದಿಟ್ಟದ್ದನ್ನು ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಟು, ಚುಕ್ಕೆ, ಪ್ರಶ್ನೆ ಗುರುತು. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆವು, ಸಾಕು ಎಂದು ಕಾಗದ ಎಸೆಯಬೇಡಿ. ಒಟ್ಟು ಹದಿಮೂರು ಹಾಳೆ. ಒಬ್ಬರು ಏಳು, ಒಬ್ಬರು ಆರು ಎಂದು ಹರಿದು ಹಂಚಿಕೊಳ್ಳದೆ, ಒಂದೇ ಕಡೆ, ನೀರು ತಾಗದಂತೆ ಇಟ್ಟುಕೊಳ್ಳಿ ಮಕ್ಕಳೇ.